ಬೆಳಗ್ಗೆ ಅಕ್ಷರ, ಮಧ್ಯಾಹ್ನ ಮೇಲ್: ಮೈಸೂರಿನ ಫಾಂಟ್ ವಿನ್ಯಾಸಕಿಯೊಬ್ಬರ ಪ್ರಕರಣ

ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ಕನ್ನಡ ಫಾಂಟ್ ಮಾಡುವವರೊಬ್ಬರಿದ್ದಾರೆ. ನನ್ನದು ಪುಸ್ತಕಗಳ ಪುಟ ವಿನ್ಯಾಸದ ಕೆಲಸ. ಅವರು ಬರೆದ ಅಕ್ಷರಗಳನ್ನು ದಿನವೂ ಬಳಸುತ್ತೇನೆ, ಹಾಗಾಗಿ ಪರಿಚಯ ಹಳೆಯದು. ಅಕ್ಕ ಅಂತ ಕರೆದು ಅಭ್ಯಾಸ. ಹೆಸರು ಹಾಕೋದು ಬೇಡ ಎಂದಿದ್ದಾರೆ, ಇಲ್ಲೂ ಅಕ್ಕ ಎಂದೇ ಬರೆಯುತ್ತೇನೆ.

ಮಕ್ಕಳ ಪುಸ್ತಕಕ್ಕೆಂದೇ ಒಂದು ಫಾಂಟ್ ಮಾಡಬೇಕು ಅನ್ನೋದು ಅಕ್ಕನ ಬಹುದಿನದ ಆಸೆ. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಮಗುವಿಗೆ ತಡವರಿಸದೆ ಓದಲಾಗಬೇಕು. ಯಾರೂ ದುಡ್ಡು ಕೊಟ್ಟು ಮಾಡಿಸುತ್ತಿರುವ ಕೆಲಸ ಅಲ್ಲ ಅದು, ಅವರದೇ ಕೆಲಸ. ಅದು ಎರಡು ವರ್ಷ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ದುಡ್ಡು ಕೊಡುವವರ ಕೆಲಸವೆಲ್ಲ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಇದೊಂದು ಮಾತ್ರ "ಮುಂದಿನ ತಿಂಗಳು" ಆಗುತ್ತಲೇ ಹೋಯಿತು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮೇಲ್.

ಮೇಲ್ ನೋಡೋದು ಕಡಿಮೆ ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಆದರೆ ನಾಲ್ಕೂರಿನ ಗಿರಾಕಿಗಳನ್ನು ಇಟ್ಟುಕೊಂಡು, ಮನೆ ನಡೆಸಿಕೊಂಡು ಒಬ್ಬರು ಅದನ್ನು ಹೇಗೆ ಮಾಡಿದರು, ಯಾವುದು ಕೈಕೊಟ್ಟಿತು, ಏನು ಬಿಡಬೇಕಾಯಿತು ಅನ್ನೋದನ್ನು ಪೂರ್ತಿ ಬರೆದಿದ್ದು ನನಗೆ ಎಲ್ಲೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಎಂಥದ್ದು

ಮೊದಲು ಈ ಕೆಲಸ ಯಾಕೆ ಬಿಡಿಬಿಡಿ ಹೊತ್ತಿನಲ್ಲಿ ಆಗಲ್ಲ ಅನ್ನೋದನ್ನು ಹೇಳಬೇಕು. ಅದು ಗೊತ್ತಾಗದಿದ್ದರೆ ಮುಂದಿನದೆಲ್ಲ ಸುಮ್ನೆ ಹಟ ಅನ್ನಿಸುತ್ತದೆ.

ವರ್ಣಮಾಲೆಯಲ್ಲಿ 49 ಅಕ್ಷರ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಫಾಂಟ್‌ಗೆ ಅಷ್ಟು ಸಾಲದು. ಕಾಗುಣಿತ ಬೇಕು. 34 ವ್ಯಂಜನಕ್ಕೂ ಒತ್ತು ಬೇಕು. ಒಂದು ಒತ್ತಿನ ಜೊತೆಗೆ ಇನ್ನೊಂದು ಒತ್ತು ಬಂದರೆ ಅದಕ್ಕೂ ಜಾಗ ಮಾಡಬೇಕು. 'ಸ್ತ್ರೀ', 'ರಾಷ್ಟ್ರ' ಬರೆದು ನೋಡಿ, ಗೊತ್ತಾಗುತ್ತದೆ. 'ಮೊ', 'ಯೊ' ಇವೆರಡು 'ಕೊ' ಬಂದ ಹಾಗೆ ಬರುವುದಿಲ್ಲ, ಅವನ್ನು ಬೇರೆಯಾಗಿಯೇ ಬರೆಯಬೇಕು. 'ಸೂರ್ಯ' ಅನ್ನುವಾಗ ಬಾಯಲ್ಲಿ ಮೊದಲು ಬರುವ ರಕಾರ, ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರುತ್ತದೆ. ಇದನ್ನೆಲ್ಲ ಬರೆದರೆ ಮುಗಿಯಲಿಲ್ಲ. ಯಾವುದರ ಪಕ್ಕ ಯಾವುದು ಬಂದಾಗ ಯಾವ ರೂಪ ಎಂದು ಕಂಪ್ಯೂಟರ್‌ಗೆ ನಿಯಮವಾಗಿ ಹೇಳಿಕೊಡಬೇಕು.

ಒಂದೇ ಒಂದು ಅಕ್ಷರ ತೆಗೆದುಕೊಳ್ಳೋಣ. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಮೇಷ್ಟ್ರು "ಹೊಟ್ಟೆ ಸೀಳು" ಅನ್ನುತ್ತಿದ್ದರಲ್ವಾ, ಅದೇ. ಅಗ್ಗದ ಕಾಗದದ ಮೇಲೆ ಅಚ್ಚಾದಾಗ ಶಾಯಿ ಹರಡಿ ಆ ಸೀಳು ಮುಚ್ಚಿಹೋಗುತ್ತದೆ. ದೊಡ್ಡವರು ವಾಕ್ಯದ ಅರ್ಥ ಹಿಡಿದು ಓದಿಕೊಂಡು ಹೋಗುತ್ತಾರೆ. ಮಗು ಅಲ್ಲೇ ನಿಲ್ಲುತ್ತದೆ. ಸರಿ, ಸೀಳನ್ನು ಅಗಲ ಮಾಡೋಣ ಎಂದರೆ ಅಕ್ಷರದ ತಳ ತೆಳ್ಳಗೆ ಕಾಣುತ್ತದೆ. ತಳ ದಪ್ಪ ಮಾಡಿದರೆ ತಲೆಕಟ್ಟು ಸೊರಗುತ್ತದೆ. ತಲೆಕಟ್ಟು ಮುಟ್ಟಿದಿರೋ, ತಲೆಕಟ್ಟಿರುವ ಅಕ್ಷರಗಳನ್ನೆಲ್ಲ ಮತ್ತೆ ನೋಡಬೇಕು. ಸೀಳಿನ ಅಗಲ 'ಢ', 'ಫ', 'ಭ'ಗಳಲ್ಲೂ ಹೊಂದಬೇಕು. ಒಂದು ಕಡೆ ಕೈ ಇಟ್ಟರೆ ಇಡೀ ಕುಟುಂಬವೇ ಅಲುಗಾಡುತ್ತದೆ.

ಈ ಎಲ್ಲ ಅಳತೆಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆ ಮೊದಲು ಕಣ್ಣು ಒಗ್ಗಬೇಕು. ಕೂತ ಅರ್ಧ ಗಂಟೆ ಏನೂ ಕಾಣುವುದಿಲ್ಲ, ಆಮೇಲೆ ತಪ್ಪುಗಳು ತಾವಾಗಿಯೇ ಕಾಣತೊಡಗುತ್ತವೆ ಅನ್ನುತ್ತಾರೆ ಅಕ್ಕ. ರಂಗೋಲಿಯ ಎಳೆ ಎಳೆಯುವಾಗ ನಡುವೆ ಕೈ ಎತ್ತಿದರೆ ಮತ್ತೆ ಸೇರಿಸಿದ ಜಾಗ ಎದ್ದು ಕಾಣುತ್ತದಲ್ಲ, ಇಲ್ಲೂ ಹಾಗೇ. ಅವರ ಹಳೆಯ ಕಡತಗಳನ್ನು ತೆರೆದು ನೋಡಿದರೆ ಬಿಡಿಬಿಡಿ ಹೊತ್ತಿನಲ್ಲಿ ಬರೆದ ಅಕ್ಷರಗಳು ಒಂದಕ್ಕೊಂದು ಹೊಂದದೆ ನಿಂತಿರುವುದು ನನ್ನಂಥವನಿಗೂ ತಿಳಿಯುತ್ತದೆ.

ಇನ್ನೊಂದು ತೊಡಕಿದೆ. ಅಕ್ಷರ ಬರೆಯುವ ಪರದೆಯೂ ಮೇಲ್ ಬರುವ ಪರದೆಯೂ ಒಂದೇ. ಕುಂಚ ಹಿಡಿದು ಚಿತ್ರ ಬರೆಯುವವರ ಕೈಗೆ ಬಣ್ಣವಾದರೂ ಮೆತ್ತಿರುತ್ತದೆ, ಫೋನ್ ಮುಟ್ಟುವ ಮುಂಚೆ ಕೈ ತೊಳೆಯಬೇಕು. ಇಲ್ಲಿ ಅಂಥ ಅಡ್ಡಿ ಏನೂ ಇಲ್ಲ. ಒಂದು ಕ್ಲಿಕ್ ಅಷ್ಟೆ.

ಮೇಲ್ ಎಲ್ಲಿಂದ ಬರುತ್ತಿತ್ತು

ಆಗಿನ ಅವರ ದಿನ ಹೀಗಿತ್ತು. ಬೆಳಗ್ಗೆ 8.30ಕ್ಕೆ ಕಾಫಿ ಲೋಟ ಹಿಡಿದು ಕಂಪ್ಯೂಟರ್ ಮುಂದೆ ಕೂರುವುದು. "ಇದೊಂದು ನೋಡಿಬಿಡೋಣ" ಎಂದು ಮೇಲ್ ತೆರೆಯುವುದು. ಬೇಗ ಉತ್ತರ ಕೊಡಬಹುದಾದವಕ್ಕೆ ಉತ್ತರ ಬರೆಯುವುದು. ಅಷ್ಟರಲ್ಲಿ ಮೊದಲ ಉತ್ತರಕ್ಕೆ ಮರುಉತ್ತರ ಬಂದಿರುತ್ತದೆ. 11 ಗಂಟೆಗೆ ಫಾಂಟ್ ಕಡತ ತೆರೆದರೂ ಮೂಲೆಯಲ್ಲಿ ಸೂಚನೆ ಮಿನುಗುತ್ತಲೇ ಇರುತ್ತದೆ. ಊಟದ ಹೊತ್ತಿಗೆ ಮೈಯೆಲ್ಲ ದಣಿವು. ಏನು ಮಾಡಿದೆ ಎಂದು ಕೇಳಿದರೆ ತೋರಿಸಲು ಒಂದು ಅಕ್ಷರ ಇಲ್ಲ.

ಮಳೆಗಾಲದ ಒಂದು ಭಾನುವಾರ ಇಬ್ಬರೂ ಕೂತು ಹಿಂದಿನ ವಾರದ ಮೇಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ಮಧ್ಯಾಹ್ನವೇ. ಬ್ಯಾಂಕು, ಜಿಎಸ್‌ಟಿ ನೆನಪೋಲೆ, ಜಾಹೀರಾತು, ಎಂದೋ ಹೆಸರು ಕೊಟ್ಟಿದ್ದ ಸುದ್ದಿಪತ್ರಗಳು ಒಂದು ಪಾಲು. ಇವು ಸುಲಭದವು. ಪ್ರಕಾಶಕರು, ಮುದ್ರಣಾಲಯದವರು, ಬೆಂಗಳೂರಿನ ಜಾಹೀರಾತು ಸಂಸ್ಥೆಗಳವರು ಇನ್ನೊಂದು ಪಾಲು. ಮೂರನೆಯದು ಸಹಾಯ ಕೇಳುವವರದು. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ) ತರದೆ ಫಾಂಟ್ ಮಾತ್ರ ಬದಲಿಸಿ, "ಅಕ್ಷರ ಎಲ್ಲಾ ಚಿಲ್ಲಾಪಿಲ್ಲಿ ಆಗಿದೆ, ದಯವಿಟ್ಟು ನೋಡಿ" ಎಂದು ಬರೆಯುವವರು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಹಳೆಯ ಕಡತಗಳು ಇವತ್ತಿಗೂ ಮುದ್ರಣಾಲಯಗಳಲ್ಲಿ ಓಡಾಡುತ್ತಿವೆ. ಈ ಪ್ರಶ್ನೆಗೆ ಅಕ್ಕ ಪ್ರತಿಸಲ ಹೊಸದಾಗಿ, ಅಕ್ಕರೆಯಿಂದ ಉತ್ತರ ಬರೆಯುತ್ತಿದ್ದರು.

ನಮಗೆ ಅಚ್ಚರಿ ತಂದದ್ದು ನಾಲ್ಕನೆಯ ಪಾಲು. ಅವು ಹೊಸ ಮೇಲ್‌ಗಳೇ ಅಲ್ಲ. "ಏನಾಯ್ತು ಮೇಡಂ?", "ಸಿಕ್ಕಿತಾ?", "ಇವತ್ತು ಆಗುತ್ತಾ?" ಅನ್ನುವಂಥವು. ಹಿಂದೆ ಹೋಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಅಕ್ಕ ಆಗಲೇ ಉತ್ತರ ಕೊಟ್ಟಿದ್ದರು. ಉತ್ತರ ಏನು? "ನೋಡ್ತೀನಿ ಸರ್, ಆದಷ್ಟು ಬೇಗ ಹೇಳ್ತೀನಿ." ಈ ಉತ್ತರದಲ್ಲಿ ಯಾವ ದಿನ ಅನ್ನೋದೇ ಇಲ್ಲ. ಓದಿದವರು ಒಂದು ದಿನ ಕಾಯುತ್ತಾರೆ, ಆಮೇಲೆ ಕೇಳುತ್ತಾರೆ. ಅದಕ್ಕೆ ಮತ್ತೆ ಅಂಥದೇ ಉತ್ತರ. ಜೊತೆಗೆ, ಅಕ್ಕ ಐದು ನಿಮಿಷದಲ್ಲಿ ಉತ್ತರ ಕೊಡುತ್ತಾರೆ ಎಂಬ ಅಭ್ಯಾಸ ಎಲ್ಲರಿಗೂ ಆಗಿಬಿಟ್ಟಿತ್ತು. ಒಂದು ಗಂಟೆ ಉತ್ತರ ಬರದಿದ್ದರೆ ಏನೋ ಆಗಿದೆ ಎಂದು ಇನ್ನೊಂದು ಮೇಲ್. ಅಂದೇ ಉತ್ತರ ಕೊಡದಿದ್ದರೆ ನಷ್ಟವಾಗುವಂಥ ಮೇಲ್ ಆ ಇಡೀ ವಾರದಲ್ಲಿ ಬೆರಳೆಣಿಕೆಯಷ್ಟು.

ನನಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ ಅನ್ನಿಸುತ್ತದೆ. ಮೇಲ್ ಪೆಟ್ಟಿಗೆ ತುಂಬುವುದು ಕೆಲಸ ಜಾಸ್ತಿ ಇರುವುದರಿಂದ ಮಾತ್ರ ಅಲ್ಲ. ಉತ್ತರ ಯಾವಾಗ ಬರುತ್ತದೆ ಎಂದು ಆ ಕಡೆಯವರಿಗೆ ಗೊತ್ತಿಲ್ಲದಿರುವುದು ದೊಡ್ಡ ಕಾರಣ. ಅವರಿಗೆ ಬೇಕಿರುವುದು ಈ ಕ್ಷಣದ ಉತ್ತರ ಎಂದು ನಾವು ತಿಳಿಯುತ್ತೇವೆ. ಬಹಳ ಸಲ ಅವರಿಗೆ ಬೇಕಿರುವುದು ನಂಬಬಹುದಾದ ಒಂದು ಹೊತ್ತು, ಅಷ್ಟೆ.

ಓದಿ ತಿಳಿದದ್ದು

ಅಡಚಣೆಯ ಬಗ್ಗೆ ಅಧ್ಯಯನಗಳು ಸಾಕಷ್ಟಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನ ಗ್ಲೋರಿಯಾ ಮಾರ್ಕ್ ಕಚೇರಿಗಳಲ್ಲಿ ಕೂತು ಜನ ಕೆಲಸ ಮಾಡುವುದನ್ನು ಗಮನಿಸಿದವರು. ನಡುವೆ ಬಿಟ್ಟ ಕೆಲಸಕ್ಕೆ ಜನ ಮರಳಲು ಸರಾಸರಿ 20 ನಿಮಿಷಕ್ಕೂ ಹೆಚ್ಚು ಬೇಕಾಗುತ್ತದೆ ಎಂದು ಅವರ ತಂಡ ಕಂಡುಕೊಂಡಿತು. ಅವರ ತಂಡದ 2008ರ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಕಂಡಿತು. ಅಡಚಣೆಯಾದವರು ಕೆಲಸವನ್ನು ಇನ್ನೂ ಬೇಗ ಮುಗಿಸುತ್ತಾರೆ, ಆದರೆ ಒತ್ತಡ ಹೆಚ್ಚುತ್ತದೆ. ಅಕ್ಕನಿಗೆ ತಟ್ಟಿದ್ದು ಇದು. ಗಿರಾಕಿಗಳ ಕೆಲಸ ಹೊತ್ತಿಗೆ ಮುಗಿಯುತ್ತಿತ್ತಲ್ಲ, ಹಾಗಾಗಿ ಏನೋ ತಪ್ಪಾಗುತ್ತಿದೆ ಎಂದು ಅವರಿಗೆ ಬಹಳ ದಿನ ತಿಳಿಯಲೇ ಇಲ್ಲ.

ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಬಂದರೂ ಗಮನದ ಒಂದು ಚೂರು ಹಿಂದಿನದರಲ್ಲೇ ಉಳಿಯುತ್ತದೆ, ಅದು ಮುಗಿಯದ ಕೆಲಸವಾದರೆ ಇನ್ನೂ ಕಷ್ಟ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಬೆಳಗ್ಗೆ ಓದಿ ಉತ್ತರ ಬರೆಯದೆ ಬಿಟ್ಟ ಮೇಲ್ ಮಧ್ಯಾಹ್ನದವರೆಗೂ ಕಾಡುವುದು ಇದಕ್ಕೇ. ಬರೀ ಓದಿ ಬಿಡುತ್ತೇನೆ, ಉತ್ತರ ಆಮೇಲೆ ಅನ್ನುವವರು ಇದನ್ನು ಗಮನಿಸಬೇಕು.

2015ರಲ್ಲಿ ಮನೋವಿಜ್ಞಾನಿಗಳಾದ ಕೋಸ್ಟಾಡಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ ಪ್ರಕಟಿಸಿದ ಅಧ್ಯಯನದಲ್ಲಿ 124 ಜನ ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಿದರು, ಇನ್ನೊಂದು ವಾರ ಬೇಕೆನಿಸಿದಷ್ಟು ಸಲ. ಮೂರೇ ಸಲ ನೋಡಿದ ವಾರದಲ್ಲಿ ಒತ್ತಡ ಕಡಿಮೆ ಇತ್ತು. ಅಕ್ಕನ ಲೆಕ್ಕಕ್ಕೆ ಆಧಾರವಾಗಿದ್ದು ಇದೇ. ಮೇಲ್ ಪೂರ್ತಿ ಬಿಡಬೇಕಿಲ್ಲ, ಸಲ ಕಡಿಮೆಯಾದರೂ ಫಲ ಉಂಟು.

ಪೂರ್ತಿ ಬಿಟ್ಟವರೂ ಇದ್ದಾರೆ. ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ 1990ರ ಜನವರಿ 1ರಿಂದ ಇಮೇಲ್ ವಿಳಾಸವನ್ನೇ ಇಟ್ಟುಕೊಂಡಿಲ್ಲ. ಪುಸ್ತಕ ಅಚ್ಚುಕಟ್ಟಾಗಿ ಜೋಡಿಸುವ ಟೆಕ್, ಫಾಂಟ್ ಬರೆಯುವ ಮೆಟಾಫಾಂಟ್ ಎರಡನ್ನೂ ಮಾಡಿದವರು ಅವರು. ಹಾಗಾಗಿ ಫಾಂಟ್ ಕೆಲಸದವರಿಗೆ ಅವರ ಮಾತಿಗೆ ತೂಕ ಜಾಸ್ತಿ. ಎಲ್ಲದರ ಮೇಲೂ ಒಂದು ಕಣ್ಣಿಡಬೇಕಾದವರಿಗೆ ಇಮೇಲ್ ಒಳ್ಳೆಯದು, ತನ್ನ ಕೆಲಸ ವಿಷಯದ ತಳ ಮುಟ್ಟುವುದು ಅನ್ನುವುದು ಅವರ ನಿಲುವು. ಆದರೆ ಅವರ ಪರವಾಗಿ ಪತ್ರಗಳನ್ನು ನೋಡಿಕೊಳ್ಳಲು ಕಾರ್ಯದರ್ಶಿ ಇದ್ದರು. ಸ್ಟ್ಯಾನ್‌ಫರ್ಡ್ ಪ್ರಾಧ್ಯಾಪಕರಿಗೆ ಒಪ್ಪುವುದು ಕುವೆಂಪುನಗರದ ಒಂಟಿ ಕೆಲಸಗಾರ್ತಿಗೆ ಒಪ್ಪಬೇಕೆಂದಿಲ್ಲ.

ಮೊದಲ ಪ್ರಯತ್ನಗಳು

ಮೊದಲು ಅಕ್ಕ ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಾಳೆಯಿಂದ ಬೆಳಗ್ಗೆ ಮೇಲ್ ನೋಡಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡರು. ಅದು ವಾರವೂ ನಿಲ್ಲಲಿಲ್ಲ. ಫೋನ್‌ನಿಂದ ಮೇಲ್ ಆ್ಯಪ್ ತೆಗೆದರು. ಕಂಪ್ಯೂಟರ್‌ನಲ್ಲಿ ಇತ್ತಲ್ಲ.

ಆಮೇಲೆ ತಾನಾಗಿ ಹೋಗುವ ಉತ್ತರ ಹಾಕಿದರು. ಬೆಳಗ್ಗೆ ಮೇಲ್ ನೋಡುವುದಿಲ್ಲ, ಮಧ್ಯಾಹ್ನ ಉತ್ತರಿಸುತ್ತೇನೆ ಎಂದು. ವಿದೇಶದ ಗಿರಾಕಿಗಳಿಗೆ ಅದು ಸಹಜ. ನಮ್ಮಲ್ಲಿ ಹಾಗಲ್ಲ. ಅಕ್ಕನನ್ನು ಚಿಕ್ಕ ಹುಡುಗಿಯಾಗಿದ್ದಾಗಿನಿಂದ ನೋಡಿದ ಹಿರಿಯ ಪ್ರಕಾಶಕರೊಬ್ಬರು ಫೋನ್ ಮಾಡಿ, "ಏನಮ್ಮಾ, ನನಗೂ ಮಿಷನ್ ಕೈಲಿ ಉತ್ತರ ಕೊಡಿಸ್ತೀಯಾ?" ಎಂದರು. ಅವರಿಗೆ ನಿಜಕ್ಕೂ ನೋವಾಗಿತ್ತು. ಅದನ್ನು ತಳ್ಳಿಹಾಕಬಾರದು. ಇಲ್ಲಿ ಕೆಲಸ ನಡೆಯುವುದೇ ಸಂಬಂಧದ ಮೇಲೆ. ಅಕ್ಕ ಅವರ ಮನೆಗೇ ಹೋಗಿ, ಮಕ್ಕಳ ಫಾಂಟ್‌ನ ಕೆಲವು ಪುಟಗಳನ್ನು ತೋರಿಸಿ, ಬೆಳಗಿನ ಹೊತ್ತು ಇದಕ್ಕೆ ಬೇಕು ಸಾರ್ ಎಂದರು. ಅವರು ಪುಟಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದನ್ನ ಮುಗಿಸು ಮೊದಲು" ಎಂದರು. ಅವತ್ತಿನಿಂದ ಅವರು ಬೆಳಗ್ಗೆ ಮೇಲ್ ಕಳಿಸಿದರೂ ಉತ್ತರಕ್ಕೆ ಕಾಯುವುದಿಲ್ಲ.

ದಾರಿ ತೋರಿಸಿದ್ದು ಆ ಭೇಟಿಯೇ. ಅಕ್ಕ ತಾನಾಗಿ ಹೋಗುವ ಉತ್ತರ ತೆಗೆದುಹಾಕಿದರು. ಹೆಚ್ಚು ಮೇಲ್ ಬರುವ ಹತ್ತು ಹನ್ನೆರಡು ಜನರನ್ನು ಗುರುತು ಮಾಡಿಕೊಂಡರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದರು, ಕೆಲವರಿಗೆ ಫೋನ್ ಮಾಡಿದರು. ಹೇಳಿದ್ದು ಮೂರು ಮಾತು. ಮಧ್ಯಾಹ್ನ 12.30ಕ್ಕೆ ಮತ್ತು ಸಂಜೆ 5ಕ್ಕೆ ಮೇಲ್ ನೋಡುತ್ತೇನೆ. ಅವತ್ತು ಬಂದ ಮೇಲ್‌ಗೆ ಅವತ್ತೇ, ಸಂಜೆ ದಾಟಿದ್ದರೆ ಮಾರನೆಯ ಮಧ್ಯಾಹ್ನ ಉತ್ತರ ಖಂಡಿತ. ಅಚ್ಚು ನಿಲ್ಲುವಂಥ ತುರ್ತಿದ್ದರೆ ಯಾವ ಹೊತ್ತಿಗಾದರೂ ಫೋನ್ ಮಾಡಿ.

ಮೂರನೆಯ ಮಾತು ಇಲ್ಲದಿದ್ದರೆ ಮೊದಲ ಎರಡನ್ನು ಯಾರೂ ಒಪ್ಪುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಅಕ್ಕನ ಮನಸ್ಸಿಗೂ ಅದು ಬೇಕಿತ್ತು. ತುರ್ತಿದ್ದರೆ ಫೋನ್ ಬರುತ್ತದೆ ಎಂದು ಗೊತ್ತಿದ್ದರೆ ಮೇಲ್ ತೆರೆದು ನೋಡುವ ಚಡಪಡಿಕೆ ತಾನಾಗಿ ಇಳಿಯುತ್ತದೆ.

ವಾಟ್ಸ್ಆ್ಯಪ್ ದಾರಿ

ಇಷ್ಟಾದ ಮೇಲೆ ಬಂದ ತೊಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವಂಥದ್ದು. ಮೇಲ್‌ಗೆ ಉತ್ತರ ಬರದಿದ್ದರೆ ವಾಟ್ಸ್ಆ್ಯಪ್‌ನಲ್ಲಿ "ಮೇಲ್ ಹಾಕಿದೀನಿ, ನೋಡಿ" ಅಂತ ಸಂದೇಶ. ಜೊತೆಗೆ ಅದೇ ಪಿಡಿಎಫ್ ಅಲ್ಲೂ ಒಂದು ಪ್ರತಿ. ಇದಕ್ಕೆ ದಾರಿ ಕಾಣದಿದ್ದರೆ ಮೇಲ್‌ಗೆ ಹೊತ್ತು ಗೊತ್ತು ಮಾಡಿ ಏನೂ ಉಪಯೋಗ ಇಲ್ಲ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂತೆ ಆಗುತ್ತದೆ.

ಅಕ್ಕ ಮಾಡಿದ್ದು ಸರಳ. ಬೆಳಗ್ಗೆ 8.30ಕ್ಕೆ ಫೋನ್‌ನ ಡೇಟಾ ಮತ್ತು ವೈಫೈ ಎರಡನ್ನೂ ಆಫ್ ಮಾಡಿ, ಫೋನನ್ನು ಹಾಲ್‌ನಲ್ಲಿ ಅತ್ತೆಯವರ ಪಕ್ಕ ಇಡುತ್ತಾರೆ. ಡೇಟಾ ಇಲ್ಲದಿದ್ದರೆ ವಾಟ್ಸ್ಆ್ಯಪ್ ಬರುವುದಿಲ್ಲ, ಮಾಮೂಲಿ ಕರೆ ಬರುತ್ತದೆ. ಓಟಿಪಿ ಕೂಡ ಬರುತ್ತದೆ, ಅದು ಎಸ್‌ಎಂಎಸ್ ಅಲ್ವಾ. ಕರೆ ಬಂದರೆ ಅತ್ತೆಯವರು ಎತ್ತಿ ಯಾರು, ಏನು ಎಂದು ಕೇಳುತ್ತಾರೆ. ಮುದ್ರಣಾಲಯದವರಾದರೆ "ಬಂದಳು, ಇರಿ" ಅನ್ನುತ್ತಾರೆ. ಉಳಿದವರಿಗೆ "ಕೆಲಸಕ್ಕೆ ಕೂತಿದಾಳೆ, ಊಟದ ಹೊತ್ತಿಗೆ ಮಾಡ್ತಾಳೆ." ನಿವೃತ್ತ ಶಿಕ್ಷಕಿ ಅವರು, ಈ ಕೆಲಸವನ್ನು ಬಹಳ ಮನಸ್ಸಿಟ್ಟು ಮಾಡುತ್ತಾರೆ. ಸೊಸೆಯ ಬೆಳಗಿನ ಹೊತ್ತು ಉಳಿದಿರುವುದರಲ್ಲಿ ಅವರ ಪಾಲು ದೊಡ್ಡದು. ಇಂಥ ಪ್ರಕರಣಗಳನ್ನು ಬರೆಯುವವರು ಮನೆಯವರ ವಿಷಯ ಬಿಟ್ಟುಬಿಡುತ್ತಾರೆ. ಬಿಡಬಾರದು.

ಕಂಪ್ಯೂಟರ್‌ನಲ್ಲಿ ಎರಡು ಬಳಕೆದಾರ ಖಾತೆ ಮಾಡಿದರು. ಒಂದರಲ್ಲಿ ಫಾಂಟ್ ಬರೆಯುವ ತಂತ್ರಾಂಶ, ಅಕ್ಷರ ಪರೀಕ್ಷಿಸುವ ಪುಟಗಳು ಅಷ್ಟೇ. ಇನ್ನೊಂದರಲ್ಲಿ ಮೇಲ್, ಬಿಲ್ಲು, ಬ್ಯಾಂಕು. ಒಂದರಿಂದ ಇನ್ನೊಂದಕ್ಕೆ ಹೋಗಲು ಪಾಸ್‌ವರ್ಡ್ ಹಾಕಬೇಕು. ಅಷ್ಟು ಸಣ್ಣ ಅಡ್ಡಿ ಸಾಕಾಯಿತು. ಕೈ ತಾನಾಗಿ ಮೇಲ್ ಕಡೆ ಹೋದರೂ ಪಾಸ್‌ವರ್ಡ್ ಕೇಳಿದಾಗ ಎಚ್ಚರವಾಗುತ್ತದೆ. ಸುದ್ದಿಪತ್ರ, ಜಾಹೀರಾತುಗಳಿಗೆ ಜಿಮೇಲ್‌ನಲ್ಲಿ ಫಿಲ್ಟರ್ ಹಾಕಿದರು. ಅವು ಇನ್‌ಬಾಕ್ಸ್‌ಗೆ ಬಾರದೆ ನೇರ ಒಂದು ಲೇಬಲ್‌ಗೆ ಹೋಗುತ್ತವೆ. ನುಡಿ ಕಡತದ ಪ್ರಶ್ನೆಗೆ ಒಂದು ಸಲ ಚಿತ್ರಗಳೊಂದಿಗೆ ಒಳ್ಳೆಯ ಉತ್ತರ ಬರೆದು ಟೆಂಪ್ಲೇಟ್ ಮಾಡಿ ಇಟ್ಟುಕೊಂಡರು.

ಉತ್ತರ ಬರೆಯುವ ಬಗೆ

ಹೊತ್ತು ಗೊತ್ತು ಮಾಡಿದ್ದಕ್ಕಿಂತ ಇದರಿಂದ ಹೆಚ್ಚು ಫಲ ಸಿಕ್ಕಿತು ಎಂದು ನನಗೆ ಅನ್ನಿಸುತ್ತದೆ. ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಪುಸ್ತಕವೊಂದರ ಮುಖಪುಟದ ಶೀರ್ಷಿಕೆಗೆ ಅಕ್ಕ ಎರಡು ಮಾದರಿ ಕಳಿಸಿದ್ದರು. ಪ್ರಕಾಶಕರ ಕಡೆಯಿಂದ ಬಂದ ಮೇಲ್: "ಎರಡೂ ಚೆನ್ನಾಗಿದೆ. ಒತ್ತು ಸ್ವಲ್ಪ ದೊಡ್ಡದಾಯ್ತೇನೋ. ಏನಂತೀರಿ?"

ಹಿಂದೆ ಆಗಿದ್ದರೆ ಅಕ್ಕ ಬರೆಯುತ್ತಿದ್ದುದು: "ಹೌದಾ ಸರ್, ನೋಡ್ತೀನಿ." ಇದಾದ ಮೇಲೆ ಕಡಿಮೆ ಎಂದರೂ ಐದಾರು ಮೇಲ್.

ಈಗ ಬರೆದದ್ದು: "ಒತ್ತನ್ನು ಸ್ವಲ್ಪ ಚಿಕ್ಕದು ಮಾಡಿ ಎರಡನೆಯ ಮಾದರಿಯನ್ನು ಗುರುವಾರ ಸಂಜೆ 5ರೊಳಗೆ ಕಳಿಸುತ್ತೇನೆ. ಮೊದಲನೆಯದೇ ಬೇಕು ಅನ್ನಿಸಿದರೆ ಬುಧವಾರದೊಳಗೆ ತಿಳಿಸಿ. ಏನೂ ತಿಳಿಸದಿದ್ದರೆ ಎರಡನೆಯದನ್ನೇ ಅಂತಿಮ ಮಾಡುತ್ತೇನೆ." ಇದಕ್ಕೆ ಬಂದ ಮರುಮೇಲ್ "ಸರಿ" ಎಂಬುದೊಂದೇ.

ದಿನ ಇದೆ, ಯಾರು ಏನು ಮಾಡಬೇಕು ಅನ್ನೋದು ಇದೆ, ಸುಮ್ಮನಿದ್ದರೆ ಏನಾಗುತ್ತದೆ ಅನ್ನೋದೂ ಇದೆ. ಇಂಥ ಉತ್ತರ ಬರೆಯಲು ಮೂರು ನಿಮಿಷ ಹೆಚ್ಚು ಬೇಕು, ತಲೆ ಓಡಿಸಬೇಕು. ಅವಸರದಲ್ಲಿ ಫೋನ್‌ನಲ್ಲಿ ಬೆರಳಾಡಿಸುತ್ತಾ ಬರೆಯಲು ಆಗುವುದಿಲ್ಲ. ಹೊತ್ತು ಗೊತ್ತು ಮಾಡಿಕೊಂಡು ಕೂತರೆ ಆಗುತ್ತದೆ. ಸಂಜೆ ತಡವಾಗಿ ಬಂದ ಮೇಲ್‌ಗಳಿಗೆ ಬರೆದ ಕೆಲವು ಉತ್ತರಗಳನ್ನು ಮರುದಿನ ಮಧ್ಯಾಹ್ನಕ್ಕೆ ಹೋಗುವಂತೆ ಶೆಡ್ಯೂಲ್ ಮಾಡುವುದೂ ಉಂಟು. ಜಿಮೇಲ್‌ನಲ್ಲಿ 2019ರಿಂದ ಆ ಅನುಕೂಲ ಇದೆ. ಉತ್ತರ ಸಂಜೆಯೇ ಹೋದರೆ ಕೆಲವರು ರಾತ್ರಿಯೇ ಮತ್ತೆ ಬರೆಯುತ್ತಾರೆ, ಅದಕ್ಕೆ.

ದಸರಾ ಬಂತು

ಮೈಸೂರಿನಲ್ಲಿ ವಿನ್ಯಾಸದ ಕೆಲಸ ಮಾಡುವವರಿಗೆ ದಸರೆಯ ಮುಂಚಿನ ವಾರಗಳು ಹೇಗಿರುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆ, ಫಲಕ, ಪ್ರದರ್ಶನದ ಮಳಿಗೆಗಳ ಹೆಸರು. ಎಲ್ಲರಿಗೂ ಇವತ್ತೇ ಬೇಕು. ಅದರ ಬೆನ್ನಿಗೇ ನವೆಂಬರ್ 1 ಬರುತ್ತದೆ. ರಾಜ್ಯೋತ್ಸವದ ಟಿ-ಶರ್ಟು, ಬ್ಯಾನರ್ ಎಲ್ಲಕ್ಕೂ ಕನ್ನಡ ಅಕ್ಷರ ಬೇಕು. ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಈ ದಿನಗಳದೇ.

ಆಗ ಅಕ್ಕ ನಿಯಮ ಸಡಿಲ ಮಾಡಿದರು. ಬೆಳಗ್ಗೆ 10.30ಕ್ಕೆ ಇನ್ನೊಂದು ಸಲ ಮೇಲ್ ನೋಡುವುದು ಎಂದಾಯಿತು. 8.30ರಿಂದ 10.30 ಮಾತ್ರ ಅಕ್ಷರಕ್ಕೆ. ನವೆಂಬರ್ ಮೊದಲ ವಾರ ಮತ್ತೆ ಹಳೆಯ ಕ್ರಮ ಎಂದು ಆಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದರು. ಸಡಿಲ ಮಾಡಿದ್ದಕ್ಕಿಂತ ಮರಳುವ ದಿನವನ್ನು ಮೊದಲೇ ಬರೆದಿಟ್ಟಿದ್ದು ಮುಖ್ಯ. ಇಲ್ಲದಿದ್ದರೆ ದಸರೆಯ ನಂತರವೂ ಅದೇ ಉಳಿದುಬಿಡುತ್ತಿತ್ತು.

ಫೋನ್ ಬಾಗಿಲು ಸರಿಯಾಗಿದೆಯೇ ಅನ್ನುವ ಪರೀಕ್ಷೆಯೂ ಆಗಲೇ ಆಯಿತು. ಮಂಡ್ಯದ ಒಂದು ಮುದ್ರಣಾಲಯದಲ್ಲಿ ಸ್ಮರಣ ಸಂಚಿಕೆಯೊಂದು ಅಚ್ಚಿಗೆ ಸಿದ್ಧವಾಗಿತ್ತು. ಬೆಳಗ್ಗೆ ಒಂಬತ್ತರ ಸುಮಾರಿಗೆ ಅಲ್ಲಿಂದ ಫೋನ್. "ಮೇಡಮ್ಮೋರೆ, ಸ್ತ್ರೀಶಕ್ತಿ ಅನ್ನೋ ಕಡೆ ಒತ್ತು ಕಿತ್ಕೊಂಡು ಬ್ಯಾರೆ ಕುಂತದೆ. ಪ್ಲೇಟ್ ಹೊಡ್ಸದೋ ಬ್ಯಾಡ್ವೋ?" ಅತ್ತೆಯವರು ಫೋನ್ ತಂದು ಕೈಗೆ ಕೊಟ್ಟರು. ಪುಟ ಜೋಡಿಸುವ ತಂತ್ರಾಂಶದಲ್ಲಿ ಭಾರತೀಯ ಭಾಷೆಗಳ ಆಯ್ಕೆ ಆನ್ ಆಗಿರಲಿಲ್ಲ. ಎಲ್ಲಿ ಒತ್ತಬೇಕು ಎಂದು ಅಕ್ಕ ಹೇಳಿದರು, ಒತ್ತು ತನ್ನ ಜಾಗಕ್ಕೆ ಬಂದು ಕೂತಿತು. ಹತ್ತು ನಿಮಿಷದ ಮಾತು. ಇದೇ ವಿಷಯ ಮೇಲ್‌ನಲ್ಲಿ ಬಂದಿದ್ದರೆ ಸ್ಕ್ರೀನ್‌ಶಾಟ್ ಕೇಳಿ, ಕಳಿಸಿ, ಮತ್ತೆ ಕೇಳಿ ಅರ್ಧ ದಿನ ಹೋಗುತ್ತಿತ್ತು. ತುರ್ತು ಕೆಲಸಕ್ಕೆ ಮೇಲ್ ಒಳ್ಳೆಯ ದಾರಿಯೂ ಅಲ್ಲ.

ಏನು ಹೋಯಿತು, ಏನು ಬಂತು

ಬೆಂಗಳೂರಿನ ಒಂದು ಜಾಹೀರಾತು ಸಂಸ್ಥೆ ಅಕ್ಕನಿಗೆ ಕೆಲಸ ಕೊಡುವುದನ್ನು ನಿಲ್ಲಿಸಿತು. ಅವರಿಗೆ ಗಂಟೆಯೊಳಗೆ ಉತ್ತರ ಬೇಕಿತ್ತು. ಅವರ ಕೆಲಸದ ರೀತಿಯೇ ಅದು, ತಪ್ಪೆನ್ನಲಾಗದು. ಆದರೆ ತಿಂಗಳ ಆದಾಯದಲ್ಲಿ ಅದು ತಿಳಿಯುವಷ್ಟು ಕೊರತೆ. ಆ ಕೊರತೆ ತುಂಬಲು ಅಕ್ಕನಿಗೆ ಕೆಲವು ತಿಂಗಳು ಹಿಡಿಯಿತು. ಎಲ್ಲರಿಗೂ ಇದು ಸಾಧ್ಯವಿಲ್ಲ, ಒಪ್ಪುತ್ತೇನೆ. ಈಗಷ್ಟೇ ಕೆಲಸ ಶುರುಮಾಡಿದವರು, ಮೇಲ್‌ಗೆ ಉತ್ತರ ಕೊಡುವುದೇ ಉದ್ಯೋಗವಾಗಿರುವವರು, ಮೇಲಧಿಕಾರಿಯ ಮಾತು ಮೀರಲಾಗದವರು ಇದನ್ನು ಹಾಗೇ ಎತ್ತಿಕೊಳ್ಳಲಾಗದು. ಅಂಥವರು ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಬಹುದು. ಅದೂ ಮೇಲ್ ತೆರೆಯುವ ಮುಂಚಿನ ಗಂಟೆ. ತೆರೆದ ಮೇಲಿನ ಗಂಟೆ ಅಷ್ಟು ಒಳ್ಳೆಯದಿರುವುದಿಲ್ಲ.

ಬಂದ ಮೇಲ್‌ಗಳಲ್ಲಿ "ಏನಾಯ್ತು ಮೇಡಂ?" ಬಗೆಯವು ಬಹುತೇಕ ನಿಂತುಹೋದವು. ಒಟ್ಟು ಮೇಲ್ ಕೂಡ ಕಡಿಮೆಯಾಯಿತು, ಗಿರಾಕಿಗಳು ಹೆಚ್ಚುಕಡಿಮೆ ಅಷ್ಟೇ ಇದ್ದಾಗಲೂ. ಉಳಿದ ಗಿರಾಕಿಗಳಲ್ಲಿ ಒಬ್ಬರೂ ದೂರಲಿಲ್ಲ. ಇಬ್ಬರು ತಾವೂ ಇದೇ ಕ್ರಮ ಹಿಡಿದಿದ್ದಾರೆ.

ಮಕ್ಕಳ ಫಾಂಟ್‌ನ ರೆಗ್ಯುಲರ್ ತೂಕ, ಅಂದರೆ ಮಾಮೂಲಿ ದಪ್ಪದ ರೂಪ, ಈ ಬೇಸಿಗೆಯಲ್ಲಿ ಮುಗಿಯಿತು. ನಾನೇ ಅದರಲ್ಲಿ ಹದಿನಾರು ಪುಟದ ಒಂದು ಕಥೆಪುಸ್ತಕ ಜೋಡಿಸಿ, ಬೇಕೆಂದೇ ಅಗ್ಗದ ಕಾಗದದ ಮೇಲೆ ಅಚ್ಚು ಹಾಕಿಸಿದೆ. 'ಧ'ದ ಸೀಳು ಮುಚ್ಚಿಕೊಳ್ಳಲಿಲ್ಲ. 'ಧೂಳು', 'ದೂರ' ಒಂದೇ ಸಾಲಿನಲ್ಲಿ ಬಂದ ಕಡೆ ಎರಡನೇ ತರಗತಿಯ ಹುಡುಗಿಯೊಬ್ಬಳು ಎಲ್ಲೂ ತಡೆಯದೆ ಓದಿದಳು. 'ಭ' ಮಾತ್ರ ಇನ್ನೂ ಸ್ವಲ್ಪ ಬಿಗಿಯಾಯಿತು ಎಂದು ಅಕ್ಕನ ಅಭಿಪ್ರಾಯ. ನನಗೆ ಹಾಗೆ ಕಾಣುತ್ತಿಲ್ಲ. ಅವರ ಕಣ್ಣನ್ನೇ ನಂಬುತ್ತೇನೆ.

ಈಗ ಬೋಲ್ಡ್ ತೂಕ ಶುರುವಾಗಿದೆ. ಪರೀಕ್ಷಿಸಲು ಒಪ್ಪಿರುವ ಶಿಕ್ಷಕರು, ವಿನ್ಯಾಸಕರು ತಪ್ಪು ಕಂಡ ಕೂಡಲೇ ಮೇಲ್ ಕಳಿಸತೊಡಗಿದರೆ ಮತ್ತೆ ಮೊದಲಿನ ಕಥೆಯೇ ಆಗುತ್ತದೆ. ಹಾಗಾಗಿ ಅಕ್ಕ ಅವರಿಗೆಲ್ಲ ಒಂದು ಗೂಗಲ್ ಶೀಟ್ ಕೊಟ್ಟಿದ್ದಾರೆ. ಯಾವ ಪದ, ಯಾವ ಸೈಜು, ಯಾವ ತಂತ್ರಾಂಶ, ಸ್ಕ್ರೀನ್‌ಶಾಟ್ ಎಂದು ನಾಲ್ಕು ಕಾಲಂ. ಅದನ್ನು ಶುಕ್ರವಾರ ಮಧ್ಯಾಹ್ನ ಮಾತ್ರ ತೆರೆಯುವುದು ಎಂದು ಶೀಟ್‌ನ ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಈಗಾಗಲೇ ಅದರಲ್ಲಿ 'ಕ್ಷ್ಮ', 'ತ್ಸ್ಯ'ಗಳ ಬಗ್ಗೆ ಒಳ್ಳೆಯ ಟಿಪ್ಪಣಿಗಳು ಸೇರುತ್ತಿವೆ.